ನೈನರ್ಸ್ 11ನೇ ಪಿಕ್: ಮೊದಲು ಡಿಫೆನ್ಸಿವ್ ಲೈನ್ ಸರಿ ಮಾಡಬೇಕಾ, ಸೆಕೆಂಡರಿನಾ?

ಸನ್ನಿವೇಲ್_ಸೀನ · ಏಪ್ರಿಲ್ 14, 2025

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ಗೆ, ಅಂದರೆ ಟೀಮ್‌ಗಳು ಕಾಲೇಜು ಆಟಗಾರರನ್ನು ಸರದಿ ಪ್ರಕಾರ ಆರಿಸಿಕೊಳ್ಳುವುದಕ್ಕೆ, ಇನ್ನು ಹತ್ತೇ ದಿನ. ಮನೆಯಲ್ಲಿ ಈ ಮಾತೆತ್ತಿದರೆ ಎಲ್ಲರೂ ಎದ್ದು ಹೋಗುತ್ತಾರೆ, ಹಾಗಾಗಿ ಇಲ್ಲೇ ಕೇಳುತ್ತೇನೆ.

ನಮ್ಮ ನೈನರ್ಸ್ (ಸ್ಯಾನ್ ಫ್ರಾನ್ಸಿಸ್ಕೊ 49ers) ಕಳೆದ ಸೀಸನ್ 6-11, ಅಂದರೆ ಆರು ಗೆಲುವು, ಹನ್ನೊಂದು ಸೋಲು. ಕೈಯಲ್ಲಿರುವುದು 11ನೇ ಪಿಕ್ (ಆಯ್ಕೆಯ ಸರದಿ). ಮಾರ್ಚ್‌ನಲ್ಲಿ ಅರ್ಧ ಡಿಫೆನ್ಸ್ ಖಾಲಿ ಆಯಿತು. ಲೈನ್‌ನಿಂದ, ಅಂದರೆ ಚೆಂಡಿನ ಎದುರು ನಿಲ್ಲುವ ಮೊದಲ ಸಾಲಿನಿಂದ, ಹಾರ್‌ಗ್ರೇವ್, ಮಲೀಕ್ ಕಾಲಿನ್ಸ್, ಲಿಯೊನಾರ್ಡ್ ಫ್ಲಾಯ್ಡ್ ಮೂವರೂ ಹೋದರು. ಹಿಂದಿನಿಂದ, ಅಂದರೆ ಪಾಸ್ ತಡೆಯುವ ಸೆಕೆಂಡರಿಯಿಂದ, ಚಾರ್ವೇರಿಯಸ್ ವಾರ್ಡ್ ಕೋಲ್ಟ್ಸ್‌ಗೆ, ಹುಫಾಂಗಾ ಬ್ರಾಂಕೋಸ್‌ಗೆ. ಮಧ್ಯದ ಗ್ರೀನ್‌ಲಾ ಕೂಡ ಬ್ರಾಂಕೋಸ್‌ಗೇ.

ಈಗ ಕಾಣುವ ಮಾಕ್ ಡ್ರಾಫ್ಟ್‌ಗಳಲ್ಲಿ (ಯಾವ ಟೀಮ್ ಯಾರನ್ನು ಆರಿಸೀತು ಎಂಬ ಊಹೆಗಳಲ್ಲಿ) ಕೆಲವರು ನಮಗೆ ಕಾರ್ನರ್ (ಪಾಸ್ ಹಿಡಿಯುವವರ ಬೆನ್ನು ಹತ್ತುವವನು) ಕೊಡುತ್ತಿದ್ದಾರೆ. ಮಿಷಿಗನ್‌ನ ವಿಲ್ ಜಾನ್ಸನ್ ಅಥವಾ ಟೆಕ್ಸಸ್‌ನ ಜಾಡೇ ಬ್ಯಾರನ್. ನನಗೆ ಇದು ಒಪ್ಪಿಗೆ ಇಲ್ಲ. ಬೋಸಾ ಒಬ್ಬನನ್ನು ಬಿಟ್ಟರೆ ಲೈನ್‌ನಲ್ಲಿ ಹೆದರಿಸುವವರು ಯಾರಿದ್ದಾರೆ? ಹಿಂದೆ ಲೆನೊಯರ್, ರೆನಾರ್ಡೊ ಗ್ರೀನ್ ಆದರೂ ಇದ್ದಾರೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ನಾಲ್ಕು ಸೆಕೆಂಡ್ ಕೊಟ್ಟರೆ ಯಾವ ಕಾರ್ನರ್ ಆದರೂ ಎಷ್ಟು ಹೊತ್ತು ಓಡಿಯಾನು? ಮೊದಲು ಲೈನ್, ಆಮೇಲೆ ಉಳಿದದ್ದು. ಏನಂತೀರಿ?

ಕೆಂಪುಚಿನ್ನ

ಲೈನ್. ಮುಂದಿನ ಪ್ರಶ್ನೆ ಕೇಳಿ.

ಕೂಪರ್ಟಿನೊ_ಕಾವ್ಯ

ಸೀನ ಅವರು ಹೇಳಿದ್ದಕ್ಕೆ ನಮ್ಮದೇ ಟೀಮ್‌ನ ಪುರಾವೆ ಇದೆಯಲ್ಲ. 2018ರಲ್ಲಿ ಇಡೀ ಸೀಸನ್‌ಗೆ ನಮ್ಮ ಇಂಟರ್‌ಸೆಪ್ಷನ್ (ಎದುರಾಳಿ ಎಸೆದ ಚೆಂಡನ್ನು ನಾವೇ ಹಿಡಿಯುವುದು) ಎಷ್ಟು? ಎರಡು. ಹದಿನಾರು ಮ್ಯಾಚ್‌ಗೆ ಎರಡು! ಲೀಗ್‌ನ ಇತಿಹಾಸದಲ್ಲೇ ಅಷ್ಟು ಕಮ್ಮಿ ಇರಲಿಲ್ಲ. ಆಗಲೂ ರಿಚರ್ಡ್ ಶರ್ಮನ್ ನಮ್ಮಲ್ಲೇ ಇದ್ದ.

ಆಮೇಲೆ ಏನು ಮಾಡಿದರು? ಕಾರ್ನರ್‌ಗೆ ದೊಡ್ಡ ಪಿಕ್ ಹಾಕಿದರಾ? ಇಲ್ಲ. 2019ರಲ್ಲಿ 2ನೇ ಪಿಕ್‌ಗೆ ನಿಕ್ ಬೋಸಾ, ಚೀಫ್ಸ್‌ನಿಂದ ಡೀ ಫೋರ್ಡ್. ಮೊದಲೇ ಆರ್ಮ್‌ಸ್ಟೆಡ್, ಬಕ್ನರ್ ಇದ್ದರು. ಹಿಂದೆ ಹೆಚ್ಚುಕಡಿಮೆ ಅದೇ ಮುಖಗಳು. ಇಂಟರ್‌ಸೆಪ್ಷನ್ 2ರಿಂದ 12ಕ್ಕೆ ಏರಿತು. 4-12 ಇದ್ದ ಟೀಮ್ 13-3 ಆಗಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಹೋಯಿತು. ಚೆಂಡು ಹಿಡಿದವರು ಹಿಂದಿನವರು, ಹಿಡಿಯುವ ಹಾಗೆ ಮಾಡಿದವರು ಮುಂದಿನವರು.

ಲೆಕ್ಕದಮೇಷ್ಟ್ರು

ಕಾವ್ಯ ಮೇಡಂ, ಅಂಕಿ ಸರಿ ಇದೆ. ಆದರೆ 13-3ಕ್ಕೆ ಪೂರ್ತಿ ಕ್ರೆಡಿಟ್ ಲೈನ್‌ಗೆ ಕೊಡಬೇಡಿ. 2018ರಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ ಗರೋಪೊಲೊ ಮೂರನೇ ಮ್ಯಾಚ್‌ನಲ್ಲೇ ಮಂಡಿ ಮುರಿದುಕೊಂಡಿದ್ದ, 2019ರಲ್ಲಿ ಇಡೀ ಸೀಸನ್ ಆಡಿದ. ಸೆಕೆಂಡರಿಗೆ ಜೋ ವುಡ್ಸ್ ಎಂಬ ಹೊಸ ಕೋಚ್ ಬಂದರು. ಲೈನ್‌ಗೂ ಕ್ರಿಸ್ ಕೊಕ್ಯುರೆಕ್ ಅದೇ ವರ್ಷ ಬಂದದ್ದು. ಒಂದೇ ವರ್ಷದಲ್ಲಿ ಇಷ್ಟೆಲ್ಲ ಬದಲಾದಾಗ ಯಾವುದರಿಂದ ಏನಾಯಿತು ಎಂದು ಬಿಡಿಸಿ ಹೇಳುವುದು ಕಷ್ಟ. ಇಂಟರ್‌ಸೆಪ್ಷನ್ ಅನ್ನೋದು ಅದೃಷ್ಟದ ಮೇಲೂ ಜಾಸ್ತಿ ನಿಂತಿರುತ್ತದೆ. ಎರಡೇ ಬಂದ ವರ್ಷದ ನಂತರ ಏನೂ ಮಾಡದಿದ್ದರೂ ಏರುತ್ತಿತ್ತು.

ಕೂಪರ್ಟಿನೊ_ಕಾವ್ಯ

ಏರುತ್ತಿತ್ತು ಸರಿ. ಆರು ಪಟ್ಟು ಏರುತ್ತಿತ್ತಾ?

ಫಿಲ್ಲಿ_ಪುಟ್ಟ

ಈಗಲ್ಸ್ ಫ್ಯಾನ್ ಒಬ್ಬ ಒಳಗೆ ಬರಬಹುದಾ? ಫೆಬ್ರವರಿಯ ಖುಷಿ ಇನ್ನೂ ಇಳಿದಿಲ್ಲ, ಹಾಗಾಗಿ ಸ್ವಲ್ಪ ಸಹಿಸಿಕೊಳ್ಳಿ.

ಕೆಂಪುಚಿನ್ನ

ಬಾ ಗುರೂ, ಸೂಪರ್ ಬೌಲ್‌ನಲ್ಲಿ ನೀವು ಚೀಫ್ಸ್‌ನ 40-22 ಸೋಲಿಸಿದ್ದು ನಾವೂ ನೋಡಿದ್ದೇವೆ. ನಿಮ್ಮ ಲೈನೇ ನಮ್ಮ ಸಾಕ್ಷಿ. ಒಂದೇ ಒಂದು ಬ್ಲಿಟ್ಜ್ ಇಲ್ಲ. ನಾಲ್ಕೇ ಜನ ನುಗ್ಗಿದರು. ಅವರ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್‌ನನ್ನು ಆರು ಸಲ ಕೆಡವಿದರು. ಜಾಶ್ ಸ್ವೆಟ್ ಒಬ್ಬನೇ ಎರಡೂವರೆ. ಇನ್ನೇನು ಬೇಕು?

ಫಿಲ್ಲಿ_ಪುಟ್ಟ

ಅದನ್ನೇ ಹೇಳೋಕೆ ಬಂದೆ. ಎಲ್ಲರೂ ಆ ಮ್ಯಾಚ್ ನೋಡಿ "ಲೈನ್, ಲೈನ್" ಅನ್ನುತ್ತಿದ್ದಾರೆ. ನಮ್ಮ ಮೂರು ವರ್ಷದ ಕತೆ ಪೂರ್ತಿ ಕೇಳಿ.

2022ರಲ್ಲಿ ನಮಗೆ 70 ಸ್ಯಾಕ್ (ಕ್ವಾರ್ಟರ್‌ಬ್ಯಾಕ್ ಎಸೆಯುವ ಮೊದಲೇ ಅವನನ್ನು ಕೆಡವುವುದು). ಅಷ್ಟು ದೊಡ್ಡ ಅಂಕಿ ಎಷ್ಟು ಟೀಮ್‌ಗೆ ಬಂದಿದೆ ಹೇಳಿ. ಫೈನಲ್‌ನಲ್ಲಿ ಅದೇ ಮಹೋಮ್ಸ್ ಎದುರು ಎಷ್ಟು ಸ್ಯಾಕ್? ಸೊನ್ನೆ. 38-35 ಸೋತೆವು. ಮೈದಾನ ಜಾರುತ್ತಿತ್ತು ಎಂದು ನಾನೂ ಆಗ ಗೊಣಗಿದವನೇ, ಆದರೆ ಜಾರಿದ್ದು ಎರಡೂ ಕಡೆಯವರಿಗೆ.

2023ರಲ್ಲಿ ಕಾಕ್ಸ್, ಬ್ರ್ಯಾಂಡನ್ ಗ್ರಹಾಂ, ರೆಡ್ಡಿಕ್, ಸ್ವೆಟ್, ಜೋರ್ಡನ್ ಡೇವಿಸ್ ಎಲ್ಲರೂ ಇದ್ದರು, ಮೇಲೆ 9ನೇ ಪಿಕ್‌ಗೆ ಜೇಲೆನ್ ಕಾರ್ಟರ್ ಬೇರೆ. 10-1 ಇದ್ದೆವು. ಮುಗಿಸಿದ್ದು 11-6. ಪ್ಲೇಆಫ್‌ನಲ್ಲಿ ಬಕನೀರ್ಸ್ 32-9 ಬಾರಿಸಿ ಕಳಿಸಿದರು. ಯಾಕೆ? ಹಿಂದೆ ಯಾರು ಬೇಕಾದರೂ ಖಾಲಿ ನಿಂತು ಚೆಂಡು ಹಿಡಿಯುತ್ತಿದ್ದರು.

2024ರಲ್ಲಿ ಕಾಕ್ಸ್ ನಿವೃತ್ತಿ, ರೆಡ್ಡಿಕ್ ಜೆಟ್ಸ್‌ಗೆ. ಅಂದರೆ ಲೈನ್‌ನಿಂದ ಎರಡು ದೊಡ್ಡ ಹೆಸರು ಕಮ್ಮಿ. ನಾವು ಡ್ರಾಫ್ಟ್‌ನಲ್ಲಿ ಮೊದಲ ಎರಡು ಪಿಕ್ ಯಾರ ಮೇಲೆ ಹಾಕಿದೆವು? 22ಕ್ಕೆ ಕ್ವಿನ್ಯನ್ ಮಿಚೆಲ್, 40ಕ್ಕೆ ಕೂಪರ್ ಡೀಜೀನ್. ಇಬ್ಬರೂ ಸೆಕೆಂಡರಿ. ಆ ವರ್ಷ ಕಪ್ ಬಂತು. ಡೀಜೀನ್ ತನ್ನ 22ನೇ ಹುಟ್ಟುಹಬ್ಬದ ದಿನ ಮಹೋಮ್ಸ್ ಚೆಂಡನ್ನೇ ಹಿಡಿದು ಟಚ್‌ಡೌನ್ ಮಾಡಿದ.

ಮಹೋಮ್ಸ್ ಚೆಂಡನ್ನು ಅಷ್ಟು ಹೊತ್ತು ಇಟ್ಟುಕೊಂಡದ್ದೇ ಎಸೆಯಲು ಜಾಗ ಇಲ್ಲದೆ. ಆರು ಸ್ಯಾಕ್‌ನಲ್ಲಿ ಕೆಲವನ್ನಾದರೂ ಹಿಂದಿನವರ ಖಾತೆಗೆ ಬರೆಯಿರಿ.

ಹೊಸಬ_ಫ್ರೀಮಾಂಟ್

ಕ್ಷಮಿಸಿ, ನಾನು ಈ ಆಟಕ್ಕೆ ಹೊಸಬ. ಸೆಕೆಂಡರಿ ಅಂದರೆ ಯಾರು ಯಾರು? ಬ್ಲಿಟ್ಜ್ ಅಂದರೆ ಏನು? ಬೌಲರ್ ಮತ್ತು ಫೀಲ್ಡರ್ ಥರ ಅಂದುಕೊಳ್ಳಬಹುದಾ?

ಸನ್ನಿವೇಲ್_ಸೀನ

ಸ್ವಾಗತ! ಹನ್ನೊಂದು ಜನ ಡಿಫೆನ್ಸ್. ಚೆಂಡಿನ ಎದುರು ಮೊದಲ ಸಾಲಲ್ಲಿ ನಿಲ್ಲುವ ನಾಲ್ಕು ದೈತ್ಯರು ಡಿಫೆನ್ಸಿವ್ ಲೈನ್. ಕ್ವಾರ್ಟರ್‌ಬ್ಯಾಕ್‌ನನ್ನು ಅಟ್ಟಿಸಿಕೊಂಡು ಹೋಗೋದು, ಓಟ ತಡೆಯೋದು ಅವರ ಕೆಲಸ. ಮಧ್ಯದಲ್ಲಿ ಲೈನ್‌ಬ್ಯಾಕರ್‌ಗಳು. ಹಿಂದೆ ರಿಸೀವರ್‌ಗಳ ಬೆನ್ನು ಹತ್ತುವ ಕಾರ್ನರ್‌ಗಳು, ಅವರ ಹಿಂದೆ ಸೇಫ್ಟಿಗಳು. ಈ ಹಿಂದಿನವರೇ ಸೆಕೆಂಡರಿ. ನಾಲ್ಕು ಜನ ಸಾಲದೆ ಐದನೆಯವನನ್ನೋ ಆರನೆಯವನನ್ನೋ ನುಗ್ಗಿಸಿದರೆ ಅದು ಬ್ಲಿಟ್ಜ್. ಆಗ ಹಿಂದೆ ಕಾಯಲು ಜನ ಕಮ್ಮಿ ಆಗುತ್ತಾರೆ. ಅದಕ್ಕೇ ನಾಲ್ಕೇ ಜನರಿಂದ ಒತ್ತಡ ಹಾಕುವ ಟೀಮ್‌ಗೆ ಅಷ್ಟು ಬೆಲೆ.

ಬೌಲರ್, ಫೀಲ್ಡರ್ ಹೋಲಿಕೆ ಸುಮಾರಾಗಿ ಕೂರುತ್ತದೆ.

ಲೆಕ್ಕದಮೇಷ್ಟ್ರು

ಕೂರುವುದಿಲ್ಲ ಸಾರ್. ಬೌಲರ್ ಚೆಂಡು ಹಾಕುವ ತನಕ ಆಟವೇ ಶುರುವಾಗಲ್ಲ. ಇಲ್ಲಿ ಚೆಂಡು ಇರುವುದು ಎದುರಾಳಿ ಕೈಯಲ್ಲಿ, ಆಟ ಶುರು ಮಾಡುವವನೂ ಅವನೇ. ಎರಡೂವರೆ ಸೆಕೆಂಡ್‌ನಲ್ಲಿ ಎಸೆದುಬಿಟ್ಟರೆ ನಿಮ್ಮ ಬೋಸಾ ಮುಟ್ಟುವುದಿರಲಿ, ಹತ್ತಿರವೂ ಬರುವುದಿಲ್ಲ. ಈಗಿನ ಆಫೆನ್ಸ್‌ಗಳು ಅದನ್ನೇ ಮಾಡುತ್ತವೆ. ಪಿಎಫ್‌ಎಫ್ ಎಂಬ ಅಂಕಿಅಂಶ ಸಂಸ್ಥೆಯ ಲೆಕ್ಕಿಗರು ಕೆಲವು ವರ್ಷಗಳಿಂದ ಕವರೇಜ್‌ನ (ಹಿಂದೆ ರಿಸೀವರ್‌ಗಳನ್ನು ಕಾಯುವುದರ) ತೂಕ ರಷ್‌ಗಿಂತ (ಮುಂದೆ ನುಗ್ಗುವುದಕ್ಕಿಂತ) ಜಾಸ್ತಿ ಎಂದು ವಾದಿಸುತ್ತಿರುವುದೂ ಇಂಥ ಕಾರಣಕ್ಕೇ. ಮೊದಲ ನೋಟದ ರಿಸೀವರ್‌ನನ್ನು ಮುಚ್ಚಿಬಿಡಿ, ಆಗ ಮಾತ್ರ ಲೈನ್‌ಗೆ ಸಮಯ ಸಿಗುತ್ತದೆ.

ಎಡಿಸನ್_ಎಂಕಣ್ಣ

ನ್ಯೂಜೆರ್ಸಿಯಿಂದ ಜಯಂಟ್ಸ್ ಫ್ಯಾನ್. ಈಚೆಗೆ ನಮಗೆ ಮಾತಾಡುವ ಯೋಗ್ಯತೆ ಇಲ್ಲ, ಒಪ್ಪಿದೆ. ಆದರೆ ಈ ವಿಷಯದಲ್ಲಿ ಮಾತಾಡದೆ ಇರಲಾರೆ.

2007ರ ಸೀಸನ್, ನಮ್ಮ ಎದುರು ಸೂಪರ್ ಬೌಲ್‌ಗೆ ಬಂದಾಗ ಪೇಟ್ರಿಯಟ್ಸ್ 18-0. ಸೀಸನ್‌ನಲ್ಲಿ 589 ಪಾಯಿಂಟ್, ಆಗಿನ ದಾಖಲೆ. ಬ್ರೇಡಿ, ರ‍್ಯಾಂಡಿ ಮಾಸ್. ಅವರನ್ನು 14ಕ್ಕೆ ನಿಲ್ಲಿಸಿದ್ದು ಯಾರು? ಸ್ಟ್ರೇಹನ್, ಯುಮೆನ್ಯೋರಾ, ಜಸ್ಟಿನ್ ಟಕ್. ಬ್ರೇಡಿಗೆ ಐದು ಸ್ಯಾಕ್, 17-14. ಎಲ್ಲರೂ ನಮ್ಮ ಟೈರಿ ಚೆಂಡನ್ನು ಹೆಲ್ಮೆಟ್‌ಗೆ ಒತ್ತಿ ಹಿಡಿದ ಕ್ಯಾಚ್ ನೆನಪಿಟ್ಟುಕೊಂಡಿದ್ದಾರೆ. ಆ ಕ್ಯಾಚ್‌ಗೆ ಬೆಲೆ ಬಂದದ್ದು ಲೈನ್ ಆ ಮ್ಯಾಚನ್ನು ಕೈಗೆ ಸಿಗುವ ಹತ್ತಿರ ಇಟ್ಟಿದ್ದರಿಂದ.

ಫಿಲ್ಲಿ_ಪುಟ್ಟ

ಎಂಕಣ್ಣಾ, ಅದೇ ವರ್ಷ ನಿಮ್ಮ ಮೊದಲ ಸುತ್ತಿನ ಪಿಕ್ ಯಾರು? 20ಕ್ಕೆ ಆರನ್ ರಾಸ್. ಕಾರ್ನರ್. 😀

ಎಡಿಸನ್_ಎಂಕಣ್ಣ

ಲೈನ್ ಆಗಲೇ ತುಂಬಿತ್ತು ಮಾರಾಯ, ಹಾಗಾಗಿ ಕಾರ್ನರ್ ತಗೊಂಡರು. ಮೊದಲು ಮುಂದೆ ಕಟ್ಟು, ಆಮೇಲೆ ಹಿಂದೆ. ನಿಮ್ಮ ಈಗಲ್ಸ್ ಮಾಡಿದ್ದೂ ಅದನ್ನೇ. 2022ರಲ್ಲಿ 13ಕ್ಕೆ ಜೋರ್ಡನ್ ಡೇವಿಸ್. 2023ರಲ್ಲಿ ಕಾರ್ಟರ್, ಅದೇ ಸುತ್ತಿನಲ್ಲಿ 30ಕ್ಕೆ ನೋಲನ್ ಸ್ಮಿತ್. ಮೂರು ಫಸ್ಟ್ ರೌಂಡ್ ಲೈನ್‌ಗೆ ಸುರಿದ ಮೇಲೆ 2024ರಲ್ಲಿ ಸೆಕೆಂಡರಿ ನೆನಪಾಯಿತು. ನೀವು ಕತೆಯನ್ನು ಕೊನೆಯ ಪುಟದಿಂದ ಓದುತ್ತಿದ್ದೀರಿ.

ಕೂಪರ್ಟಿನೊ_ಕಾವ್ಯ

👏👏

ಫಿಲ್ಲಿ_ಪುಟ್ಟ

ಸರಿ, ಇದಕ್ಕೆ ಉತ್ತರ ಯೋಚಿಸಿ ಬರುತ್ತೇನೆ.

ಮಂಗಳೂರ್_ಮ್ಯಾಕ್

ಮಾರಾಯ್ರೆ, ಒಂದು ಮಜಾ ವಿಷಯ ಯಾರೂ ಹೇಳಿಲ್ಲ. ಆ ಜಯಂಟ್ಸ್ ಡಿಫೆನ್ಸ್‌ನ ಕೋಆರ್ಡಿನೇಟರ್ ಯಾರು? ಸ್ಟೀವ್ ಸ್ಪ್ಯಾಗ್ನೂವೊಲೊ. ಈಗ ಚೀಫ್ಸ್‌ನಲ್ಲಿ ಇರುವವನೂ ಅವನೇ. ಜಯಂಟ್ಸ್‌ನಲ್ಲಿ ಲೈನ್ ಸಿಕ್ಕಿತು, ಲೈನ್‌ನಿಂದ ಗೆದ್ದ. ಚೀಫ್ಸ್‌ನಲ್ಲಿ ಕ್ರಿಸ್ ಜೋನ್ಸ್ ಇದ್ದಾನೆ ನಿಜ, ಆದರೆ ಇವನ ಆಟ ನಿಂತಿರುವುದು ಜಾಸ್ತಿ ಸೆಕೆಂಡರಿಯ ಮೇಲೆ. ಕಾರ್ನರ್‌ನನ್ನೇ ಬ್ಲಿಟ್ಜ್‌ಗೆ ಕಳಿಸುತ್ತಾನೆ. ಲಾಸ್ ವೇಗಸ್ ಸೂಪರ್ ಬೌಲ್‌ನಲ್ಲಿ ಎರಡು ನಿಮಿಷ ಉಳಿದಿರುವಾಗ ಥರ್ಡ್ ಆಂಡ್ ಫೈವ್ (ಮೂರನೇ ಯತ್ನ, ಇನ್ನೂ ಐದು ಯಾರ್ಡ್ ಬೇಕು), ಟ್ರೆಂಟ್ ಮೆಕ್‌ಡಫಿ ಓಡಿಬಂದು ನಮ್ಮ ಕ್ವಾರ್ಟರ್‌ಬ್ಯಾಕ್ ಪರ್ಡಿಯ ಪಾಸ್ ಹಾಳು ಮಾಡಿದ್ದು ನಿಮಗೆ ನೆನಪಿಲ್ವಾ? ಅವನು 2022ರ 21ನೇ ಪಿಕ್. ಕಾರ್ನರ್.

ಹಾಗಾಗಿ ನನ್ನ ಪ್ರಕಾರ ಇದು ಕೋಚ್‌ನ ಮೇಲೆ ಹೋಗುವ ವಿಷಯ. ನಮ್ಮಲ್ಲಿ 2025ಕ್ಕೆ ಡಿಫೆನ್ಸ್ ಕೋಆರ್ಡಿನೇಟರ್ ಆಗಿ ರಾಬರ್ಟ್ ಸಾಲೆ ವಾಪಸ್ ಬಂದಿದ್ದಾನೆ. ಸಾಲೆ ಬ್ಲಿಟ್ಜ್ ಹುಚ್ಚ ಅಲ್ಲ. ನಾಲ್ವರನ್ನು ಕಳಿಸಿ ಏಳು ಜನರನ್ನು ಹಿಂದೆ ಇಡುವವನು. ಅಂಥವನ ಕೈಗೆ ಒಳ್ಳೆಯ ನಾಲ್ವರನ್ನು ಕೊಡದೆ ಕಾರ್ನರ್ ಕೊಟ್ಟರೆ ಪ್ರಯೋಜನ ಇಲ್ಲ.

ಕೆಂಪುಚಿನ್ನ

ವೇಗಸ್ ನೆನಪು ಮಾಡಬೇಡಿ ಸಾರ್. ಊಟ ಮಾಡುತ್ತಿದ್ದೇನೆ.

ಹಾಸನದ_ಹುಡುಗ

ಅದಕ್ಕಿಂತ 2019ರ ಸೀಸನ್‌ನ ಮಯಾಮಿ ಸೂಪರ್ ಬೌಲ್ ಜಾಸ್ತಿ ನೋವು. 20-10 ಮುಂದೆ ಇದ್ದೆವು, ಥರ್ಡ್ ಆಂಡ್ 15. ಮಹೋಮ್ಸ್ ಹಿಂದೆ ಹಿಂದೆ ಹೋಗಿ ಹೋಗಿ ಟೈರೀಕ್ ಹಿಲ್‌ಗೆ 44 ಯಾರ್ಡ್ ಎಸೆದ. ಬಕ್ನರ್ ಹತ್ತಿರ ಬರುವಷ್ಟರಲ್ಲಿ ಚೆಂಡು ಹೋಗಿತ್ತು. ಹಿಲ್ ಸುತ್ತ ಒಂದು ಮನೆ ಕಟ್ಟುವಷ್ಟು ಜಾಗ. ಆಮೇಲೆ ವಾಟ್ಕಿನ್ಸ್ ಶರ್ಮನ್‌ನನ್ನೇ ದಾಟಿ ಹೋದ. 31-20. ಆ ದಿನ ನಮಗೆ ಲೀಗ್‌ನ ಬೆಸ್ಟ್ ಲೈನ್ ಇತ್ತು. ಸೋತದ್ದು ಹಿಂದೆ.

ಸನ್ನಿವೇಲ್_ಸೀನ

ಆ ಲೈನ್ ಮೂರು ಕ್ವಾರ್ಟರ್ ಮಹೋಮ್ಸ್‌ನನ್ನು ಕಾಡಿತ್ತು, ಅದನ್ನೂ ಹೇಳಿ. ಎರಡು ಇಂಟರ್‌ಸೆಪ್ಷನ್ ಎಸೆದಿದ್ದ. ಕೊನೆಗೆ ಲೈನ್ ಸುಸ್ತಾಯಿತು. ಹಾಗಾಗಿ ನಾಲ್ವರು ಸಾಲದು, ಎಂಟು ಜನ ಬೇಕು, ಸರದಿ ಮೇಲೆ ಇಳಿಸಲು. ಫೆಬ್ರವರಿಯಲ್ಲಿ ಈಗಲ್ಸ್ ಹತ್ತಿರ ಅದು ಇತ್ತು.

ಆಮೇಲೆ ನಾವು ಏನು ಮಾಡಿದೆವು ನೋಡಿ. ಬಕ್ನರ್‌ನನ್ನು ಕೋಲ್ಟ್ಸ್‌ಗೆ ಕೊಟ್ಟು 13ನೇ ಪಿಕ್ ತಗೊಂಡು, ಒಂದು ಸ್ಥಾನ ಕೆಳಗಿಳಿದು ಕಿನ್‌ಲಾನನ್ನು ತಂದೆವು. ಆ ಗಾಯ ಇವತ್ತಿಗೂ ವಾಸಿಯಾಗಿಲ್ಲ.

ಲೆಕ್ಕದಮೇಷ್ಟ್ರು

ಇದೇ ನನ್ನ ತಕರಾರು. ನಮ್ಮ ಮೊದಲ ಸುತ್ತಿನ ಪಟ್ಟಿ ತೆಗೆಯಿರಿ. 2015 ಆರ್ಮ್‌ಸ್ಟೆಡ್. 2016 ಬಕ್ನರ್. 2017 ಸಾಲಮನ್ ಥಾಮಸ್, ಅದೂ 3ನೇ ಪಿಕ್, ಮಹೋಮ್ಸ್ 10ಕ್ಕೆ ಹೋದ ವರ್ಷ. 2019 ಬೋಸಾ. 2020 ಕಿನ್‌ಲಾ. ಮೊದಲ ಸುತ್ತಿನಲ್ಲಿ ಸೆಕೆಂಡರಿಯವನನ್ನು ಕೊನೆಯ ಸಲ ತಗೊಂಡಿದ್ದು 2014ರಲ್ಲಿ, ಜಿಮ್ಮಿ ವಾರ್ಡ್. ಹತ್ತು ವರ್ಷ ಒಂದೇ ಔಷಧಿ ಕುಡಿದಿದ್ದೇವೆ. ಸೂಪರ್ ಬೌಲ್ ಎಷ್ಟು ಗೆದ್ದೆವು?

ಕೂಪರ್ಟಿನೊ_ಕಾವ್ಯ

ಎರಡು ಸಲ ಫೈನಲ್‌ಗೆ ಹೋದೆವಲ್ಲ. ಆ ಔಷಧಿ ಕುಡಿಯದ ಎಷ್ಟೋ ಟೀಮ್‌ಗಳು ಅಷ್ಟೂ ಹೋಗಿಲ್ಲ. ಕಳೆದ ನವೆಂಬರ್ ನೆನಪಿದೆಯಾ? ಬೋಸಾ ಗಾಯದಿಂದ ಹೊರಗೆ. ಗ್ರೀನ್ ಬೇಯಲ್ಲಿ ಜಾಶ್ ಜೇಕಬ್ಸ್ ಮೂರು ಟಚ್‌ಡೌನ್ ಓಡಿದ, 38-10. ಮುಂದಿನ ವಾರ ಬಫಲೋ ಹಿಮದಲ್ಲಿ ಜೇಮ್ಸ್ ಕುಕ್ ನೂರು ಯಾರ್ಡ್ ದಾಟಿದ, 35-10. ಆ ಎರಡು ಮ್ಯಾಚ್‌ಗೆ ಯಾವ ಕಾರ್ನರ್ ಔಷಧಿ? ನೀವೆಲ್ಲ ಪಾಸ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಓಟ ತಡೆಯೋಕೆ ಬರದಿದ್ದರೆ ಎದುರಾಳಿ ಪಾಸ್ ಎಸೆಯುವುದೇ ಇಲ್ಲ.

ಫ್ರಿಸ್ಕೋ_ರಾಜು

ಟೆಕ್ಸಸ್‌ನಿಂದ ಕೌಬಾಯ್ಸ್ ದುಃಖಿ. ಕಾವ್ಯ ಅವರ ಮಾತಿಗೆ ನೂರು ಮಾರ್ಕು. 2023ರಲ್ಲಿ ನಮ್ಮ ಡರಾನ್ ಬ್ಲ್ಯಾಂಡ್ ಐದು ಪಿಕ್-ಸಿಕ್ಸ್ (ಇಂಟರ್‌ಸೆಪ್ಷನ್ ಹಿಡಿದು ಟಚ್‌ಡೌನ್) ಮಾಡಿ ಲೀಗ್ ದಾಖಲೆ ಬರೆದ. ಕಾರ್ನರ್ ಅಂದರೆ ಹೀಗಿರಬೇಕು ಎಂದು ಊರೆಲ್ಲ ಕುಣಿಯಿತು. ಪ್ಲೇಆಫ್‌ನಲ್ಲಿ ಪ್ಯಾಕರ್ಸ್ ನಮ್ಮ ಮನೆಗೇ ಬಂದು ಮಧ್ಯದಲ್ಲೇ ನುಗ್ಗಿ ಓಡಿದರು. ಆರನ್ ಜೋನ್ಸ್‌ಗೆ ಮೂರು ಟಚ್‌ಡೌನ್, 48-32. ಪಾರ್ಸನ್ಸ್ ಒಬ್ಬ ಹೊರಗಿನಿಂದ ಎಷ್ಟು ಮಾಡಿಯಾನು? ಒಳಗೆ ನಿಲ್ಲುವ ತೂಕದ ಟ್ಯಾಕಲ್ ಇಲ್ಲ. ನೀವು ಲೈನ್ ಅಂದಾಗ ಸ್ಯಾಕ್ ಮಾಡುವವನನ್ನು ಮಾತ್ರ ನೋಡಬೇಡಿ.

ಆ ಪಾರ್ಸನ್ಸ್‌ಗೂ ಇನ್ನೂ ಹೊಸ ಕಾಂಟ್ರಾಕ್ಟ್ ಕೊಟ್ಟಿಲ್ಲ. ಅದು ಬೇರೆ ಪುರಾಣ.

ಹಾಸನದ_ಹುಡುಗ

ರಾಜು, ನೀವು ಹೊಸ ಸೀಸನ್ ಟಿಕೆಟ್ ತಗೊಳ್ಳುತ್ತೀರಾ? ಇಲ್ಲಿ ಮುಂದಿನ ಫೆಬ್ರವರಿ ಸೂಪರ್ ಬೌಲ್ ನಮ್ಮ ಲೀವೈಸ್ ಸ್ಟೇಡಿಯಂನಲ್ಲೇ ಇರೋದರಿಂದ ಎಲ್ಲರಿಗೂ ಹುಚ್ಚು ಹಿಡಿದಿದೆ.

ಕೆಂಪುಚಿನ್ನ

ಲೀವೈಸ್‌ನಲ್ಲಿ ಸೆಪ್ಟೆಂಬರ್ ಮ್ಯಾಚ್‌ಗೆ ಪೂರ್ವದ ಕಡೆ ಸೀಟು ಮಾತ್ರ ತಗೋಬೇಡಿ. ಮಧ್ಯಾಹ್ನ ಒಂದರ ಆಟಕ್ಕೆ ಕೂತರೆ ರಾಯಚೂರು ಬಿಸಿಲು. ಪಾರ್ಕಿಂಗ್ ರೇಟ್ ಕೇಳಿದರೆ ಇನ್ನೂ ಬೆವರು. ಲೈಟ್ ರೈಲ್‌ನಲ್ಲಿ ಬನ್ನಿ.

ಹೊಸಬ_ಫ್ರೀಮಾಂಟ್

ಒಳಗೆ ಚಿತ್ರಾನ್ನ ಡಬ್ಬಿ ಬಿಡುತ್ತಾರಾ?

ಸನ್ನಿವೇಲ್_ಸೀನ

ಗೇಟಿನಲ್ಲಿ ಕೇಳಿ ನೋಡಬೇಕು. ಹೊರಗಡೆ ಟೇಲ್‌ಗೇಟ್‌ನಲ್ಲೇ (ಪಾರ್ಕಿಂಗ್‌ನಲ್ಲಿ ನಡೆಯುವ ಊಟದ ಕೂಟ) ತಿಂದು ಮುಗಿಸಿ, ತೊಂದರೆ ಇಲ್ಲ. ಈಗ ವಿಷಯಕ್ಕೆ ಬನ್ನಿ.

ದುಡ್ಡಿನ ಲೆಕ್ಕ ಯಾರೂ ಹಾಕಿಲ್ಲ. ಮಾರ್ಚ್‌ನಲ್ಲಿ ರಷರ್ (ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವನು) ಮೈಲ್ಸ್ ಗ್ಯಾರೆಟ್‌ಗೆ ವರ್ಷಕ್ಕೆ 40 ಮಿಲಿಯನ್ ಡಾಲರ್. ಅದೇ ತಿಂಗಳು ಕಾರ್ನರ್ ಸ್ಟಿಂಗ್ಲಿಗೆ ವರ್ಷಕ್ಕೆ 30. ಒಳ್ಳೆಯ ರಷರ್ ಮಾರ್ಕೆಟ್‌ಗೆ ಬರುವುದೇ ಅಪರೂಪ, ಬಂದರೆ ಮುಟ್ಟೋಕಾಗಲ್ಲ. 11ನೇ ಪಿಕ್‌ಗೆ ನಾಲ್ಕು ವರ್ಷಕ್ಕೆಲ್ಲ ಸೇರಿ ಸುಮಾರು 25 ಮಿಲಿಯನ್. ದುಬಾರಿ ವಸ್ತುವನ್ನು ಡ್ರಾಫ್ಟ್‌ನಲ್ಲಿ ಅಗ್ಗಕ್ಕೆ ತಗೋಬೇಕು. ಪರ್ಡಿಗೆ ಈ ಬೇಸಿಗೆಯಲ್ಲಿ ದೊಡ್ಡ ಕಾಂಟ್ರಾಕ್ಟ್ ಬರುತ್ತದೆ. ಬೋಸಾನದು 2023ರಲ್ಲೇ 170 ಮಿಲಿಯನ್. ಇನ್ನೊಬ್ಬ ದೊಡ್ಡ ರಷರ್‌ನನ್ನು ಹಣ ಕೊಟ್ಟು ತರುವ ಪ್ರಶ್ನೆಯೇ ಇಲ್ಲ.

ಲೆಕ್ಕದಮೇಷ್ಟ್ರು

ಈ ವಾದ ಮಾತ್ರ ಗಟ್ಟಿ ಇದೆ. ಇನ್ನೊಂದು ಸೇರಿಸುತ್ತೇನೆ, ನನ್ನ ಪಕ್ಷಕ್ಕೆ ವಿರುದ್ಧವಾದರೂ. ಕಾರ್ನರ್‌ಗಳ ಆಟ ವರ್ಷದಿಂದ ವರ್ಷಕ್ಕೆ ತುಂಬಾ ಏರಿಳಿಯುತ್ತದೆ. ಒಳ್ಳೆಯ ರಷರ್ ಮುಂದಿನ ವರ್ಷವೂ ಒಳ್ಳೆಯ ರಷರ್ ಆಗಿಯೇ ಇರುವುದು ಜಾಸ್ತಿ. ಅದರ ಮೇಲೆ ರೂಲ್ ಬೇರೆ. 1978ರಿಂದ ಐದು ಯಾರ್ಡ್ ದಾಟಿದ ಮೇಲೆ ರಿಸೀವರ್‌ನನ್ನು ಮುಟ್ಟುವ ಹಾಗಿಲ್ಲ, 2004ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಕಾರ್ನರ್‌ಗಳ ಕೈ ಕಟ್ಟಿ ಆಡಿಸುತ್ತಿದ್ದಾರೆ.

ಫಿಲ್ಲಿ_ಪುಟ್ಟ

ಯೋಚಿಸಿ ಬಂದೆ. ಎಂಕಣ್ಣನ ಮಾತಿನಲ್ಲೇ ಉತ್ತರ ಇದೆ. ನಾವು ಲೈನ್‌ಗೆ ಮೂರು ಫಸ್ಟ್ ರೌಂಡ್ ಹಾಕಿದೆವು, ಅಲ್ವಾ? ಅವನ್ನು ಹಾಕಿಯೂ 2023ರಲ್ಲಿ ಮಣ್ಣು ಮುಕ್ಕಿದೆವು. ಅಂದರೆ ಲೈನ್ ಇದ್ದೂ ಸೆಕೆಂಡರಿ ಇಲ್ಲದಿದ್ದರೆ ಏನಾಗುತ್ತದೆ ಎಂದು ನೋಡಿಯಾಯಿತು. ನಿಮ್ಮ ಸೇಫ್ಟಿಗಳು ಯಾರು? ಮುಸ್ತಫಾಗೆ ಜನವರಿಯಲ್ಲಿ ಮಂಡಿ ಹೋಗಿದೆ. ನೀವು ನಮ್ಮ 2023ನ್ನು ನಕಲು ಮಾಡಲು ಹೊರಟಿದ್ದೀರಿ.

ಅಂದಹಾಗೆ ನಮ್ಮ ಹಿಂದಿನವರನ್ನು ಸರಿ ಮಾಡಿದ ಡಿಫೆನ್ಸ್ ಕೋಚ್ ವಿಕ್ ಫ್ಯಾಂಜಿಯೊ 2011ರಿಂದ 2014ರ ತನಕ ನಿಮ್ಮಲ್ಲೇ ಇದ್ದವರು.

ಕೆಂಪುಚಿನ್ನ

ಬೇಕಂತಲೇ ಹೇಳುತ್ತಿದ್ದಾನೆ ನೋಡಿ ಇವನು.

ಸನ್ನಿವೇಲ್_ಸೀನ · ಏಪ್ರಿಲ್ 24, ರಾತ್ರಿ

11ಕ್ಕೆ ಮೈಕೆಲ್ ವಿಲಿಯಮ್ಸ್! ಜಾರ್ಜಿಯಾ, ಡಿಫೆನ್ಸಿವ್ ಎಂಡ್! ಲೈನ್!

ಲೆಕ್ಕದಮೇಷ್ಟ್ರು

ಕಳೆದ ಸೀಸನ್ ಐದೇ ಸ್ಯಾಕ್.

ಕೂಪರ್ಟಿನೊ_ಕಾವ್ಯ

ಪಾದದ ಕೀಲು ನೋವು ಇಟ್ಟುಕೊಂಡೇ ಆಡಿದ್ದು. ಇನ್ನೂ 20 ವರ್ಷ. ಓಟ ತಡೆಯುವುದರಲ್ಲಿ ಈಗಲೇ ಪಕ್ವ. ಬೋಸಾಗೆ ಎದುರು ಬದಿಯಲ್ಲಿ ಇಂಥವನೇ ಬೇಕಿತ್ತು. ನನಗಂತೂ ಖುಷಿ.

ಎಡಿಸನ್_ಎಂಕಣ್ಣ

ನಮಗೆ 3ಕ್ಕೆ ಅಬ್ದುಲ್ ಕಾರ್ಟರ್. ಬರ್ನ್ಸ್, ತಿಬಡೋ, ಡೆಕ್ಸ್‌ಟರ್ ಲಾರೆನ್ಸ್ ಜೊತೆಗೆ. ಹಳೆಯ ಜಯಂಟ್ಸ್ ವಾಸನೆ ಬರುತ್ತಿದೆ!

ಫಿಲ್ಲಿ_ಪುಟ್ಟ

ಚೆಂಡು ಎಸೆಯೋಕೆ ಯಾರಿದ್ದಾರೆ ಎಂಕಣ್ಣಾ?

ಎಡಿಸನ್_ಎಂಕಣ್ಣ

ಅದು ಬೇರೆ ಥ್ರೆಡ್‌ನಲ್ಲಿ ಮಾತಾಡೋಣ.

ಹಾಸನದ_ಹುಡುಗ · ಏಪ್ರಿಲ್ 25

ಎರಡನೇ ಸುತ್ತು, 43ಕ್ಕೆ ಆಲ್ಫ್ರೆಡ್ ಕಾಲಿನ್ಸ್. ಮತ್ತೆ ಲೈನ್! ಟೆಕ್ಸಸ್‌ನ ಡಿಫೆನ್ಸಿವ್ ಟ್ಯಾಕಲ್. ಫ್ರಿಸ್ಕೋ ರಾಜು ಕೇಳಿದ ತೂಕದ ಆಸಾಮಿ ನಮಗೆ ಸಿಕ್ಕಿದ. ಆದರೆ ಒಂದು ನಿಮಿಷ, ವಿಲ್ ಜಾನ್ಸನ್ ಇನ್ನೂ ಉಳಿದಿದ್ದಾನಲ್ಲ?

ಲೆಕ್ಕದಮೇಷ್ಟ್ರು

ಉಳಿದಿಲ್ಲ. 47ಕ್ಕೆ ಹೋದ. ಕಾರ್ಡಿನಲ್ಸ್‌ಗೆ! ನಮ್ಮದೇ ಡಿವಿಷನ್. ವರ್ಷಕ್ಕೆ ಎರಡು ಸಲ ಪರ್ಡಿ ಅವನ ಕಡೆ ಎಸೆಯಬೇಕು. 11ಕ್ಕೆ ಬೇಡ ಅಂದಿರಿ, ಸರಿ. 43ಕ್ಕೂ ಬೇಡವಾ?

ಸನ್ನಿವೇಲ್_ಸೀನ

ಮೂವತ್ತೆರಡು ಟೀಮ್‌ಗಳೂ ಮೊದಲ ಸುತ್ತಿನಲ್ಲಿ ಬಿಟ್ಟಿವೆ ಎಂದರೆ ಮಂಡಿಯ ಬಗ್ಗೆ ಡಾಕ್ಟರುಗಳು ಏನೋ ಹೇಳಿರಬೇಕು.

ಫಿಲ್ಲಿ_ಪುಟ್ಟ

ಡೀಜೀನ್‌ನನ್ನೂ ಕಾಲು ಮುರಿದಿದೆ ಎಂದು ಎಲ್ಲರೂ ಮೊದಲ ಸುತ್ತಿನಲ್ಲಿ ಬಿಟ್ಟಿದ್ದರು. ಸುಮ್ನೆ ಹೇಳಿದೆ.

ಮಂಗಳೂರ್_ಮ್ಯಾಕ್ · ಏಪ್ರಿಲ್ 26

ನಾಲ್ಕನೇ ಸುತ್ತಿನಲ್ಲಿ ಸಿಜೆ ವೆಸ್ಟ್. ಅವನೂ ಡಿಫೆನ್ಸಿವ್ ಟ್ಯಾಕಲ್. ಇವರು ಲೈನ್ ಮಾತ್ರ ತುಂಬಿಸುವ ಹಾಗೆ ಕಾಣುತ್ತದೆ.

ಕೂಪರ್ಟಿನೊ_ಕಾವ್ಯ

ಮಾತ್ರ ಅಲ್ಲ ಸಾರ್. ನಿನ್ನೆ ಕೊನೆಗೆ 100ನೇ ಪಿಕ್‌ಗೆ ಅಪ್ಟನ್ ಸ್ಟೌಟ್, ವೆಸ್ಟರ್ನ್ ಕೆಂಟಕಿಯ ಕಾರ್ನರ್. ಇವತ್ತು ಐದನೇ ಸುತ್ತಿನಲ್ಲಿ ಸೇಫ್ಟಿ ಮಾರ್ಕೆಸ್ ಸಿಗ್ಲ್. ಮೊದಲು ಮುಂದೆ, ಆಮೇಲೆ ಹಿಂದೆ. ನಾವು ಹೇಳಿದ ಕ್ರಮವೇ.

ಹಾಸನದ_ಹುಡುಗ

ಸ್ಟೌಟ್ ತುಂಬಾ ಗಿಡ್ಡ ಅಲ್ವಾ? ಡಿಕೆ ಮೆಟ್ಕಾಫ್ ಥರದವನ ಎದುರು ನಿಂತರೆ ಏನು ಗತಿ?

ಲೆಕ್ಕದಮೇಷ್ಟ್ರು

ಮೆಟ್ಕಾಫ್ ಮಾರ್ಚ್‌ನಲ್ಲೇ ಪಿಟ್ಸ್‌ಬರ್ಗ್‌ಗೆ ಹೋಗಿಯಾಯಿತು, ಆ ಚಿಂತೆ ಬಿಡಿ. ಸ್ಟೌಟ್ ಹೊರಗೆ ಆಡುವುದಿಲ್ಲ, ಒಳಗೆ ಸ್ಲಾಟ್‌ನಲ್ಲಿ ಆಡುತ್ತಾನೆ. ಇಷ್ಟು ದಿನ ಆ ಜಾಗಕ್ಕೆ ಲೆನೊಯರ್ ಹೋಗಬೇಕಾಗಿತ್ತು. ಈಗ ಲೆನೊಯರ್ ಹೊರಗೇ ನಿಲ್ಲಬಹುದು, ಇನ್ನೊಂದು ಬದಿಗೆ ರೆನಾರ್ಡೊ ಗ್ರೀನ್. ಕಾರ್ನರ್ ಮಟ್ಟಿಗೆ ನಡೆಯುತ್ತದೆ. ಸೇಫ್ಟಿಗೆ ಐದನೇ ಸುತ್ತಿನ ಹುಡುಗನನ್ನು ನಂಬಿಕೊಂಡಿರುವುದು ಮಾತ್ರ ನನಗೆ ಇನ್ನೂ ಹಿಡಿಸಿಲ್ಲ.